ಬುಲೆಟ್‌ನ ಎಂಜಿನ್ ಎಣ್ಣೆಗೆ ಪೆಟ್ರೋಲ್ ಇಳಿದ ದಾರಿ

ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳೆ ಎರಡು ದಿನ ಹೊಳವಾದಾಗ, ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಬಚ್ಚಲಿಗೆ ತಾಗಿಕೊಂಡಿರುವ ಶೆಡ್ಡಿನ ಬಾಗಿಲು ತೆಗೆದೆ. ಜೂನ್ 20ರಂದು ಮೇನ್ ಸ್ಟ್ಯಾಂಡ್ ಹಾಕಿ, ಪೆಟ್ರೋಲ್ ಕಾಕ್ ಮುಚ್ಚಿ, ಮೇಲೊಂದು ಹಳೆಯ ಕಂಬಳಿ ಹೊದಿಸಿ ನಿಲ್ಲಿಸಿದ್ದ ಅಪ್ಪನ 1984ರ ಬುಲೆಟ್ 350 ಇಟ್ಟ ಜಾಗದಲ್ಲೇ ಇತ್ತು. ಶೆಡ್ಡಿನ ತುಂಬ ಪೆಟ್ರೋಲ್ ವಾಸನೆ ಕಟ್ಟಿಕೊಂಡಿತ್ತು. ಆದರೆ ಗಾಡಿಯ ಕೆಳಗಿನ ಸಿಮೆಂಟ್ ನೆಲದ ಮೇಲೆ ಒಂದು ಹನಿ ಬಿದ್ದು ಒಣಗಿದ ಗುರುತೂ ಕಾಣಲಿಲ್ಲ. ಕಾರ್ಬ್ಯುರೇಟರ್ ಸೋರಿದರೆ ನೆಲ ಒದ್ದೆಯಾಗಬೇಕು. ವಾಸನೆ ಇದ್ದು ನೆಲ ಒಣಗಿದ್ದರೆ ಪೆಟ್ರೋಲ್ ಬೇರೆಲ್ಲಿಗೋ ಹೋಗಿದೆ ಎಂದೇ ಅರ್ಥ. ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ.

ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಎಣ್ಣೆಯ ಮಟ್ಟ ಕೆಳಗಿನ ಗೆರೆಗಿಂತಲೂ ತಗ್ಗಿತ್ತು. ಬುಲೆಟ್ ಇಟ್ಟುಕೊಂಡವರಿಗೆ ಇದು ಹೊಸತಲ್ಲ. ಎರಕದ ಎಂಜಿನ್ನಿನ ಹಳೆಯ ಬುಲೆಟ್ ಡ್ರೈ ಸಂಪ್ ಗಾಡಿ. ಎಣ್ಣೆಯ ಟ್ಯಾಂಕ್ ಎಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಹಿಂಭಾಗದಲ್ಲೇ ಪ್ರತ್ಯೇಕ ಕೋಣೆಯಾಗಿ ಕೂತಿದೆ. ಒಂದು ಪಂಪ್ ಅಲ್ಲಿಂದ ಎಣ್ಣೆಯನ್ನು ಎಂಜಿನ್ನಿಗೆ ಕೊಡುತ್ತದೆ, ಇನ್ನೊಂದು ಪಂಪ್ ತಳಕ್ಕೆ ಇಳಿದದ್ದನ್ನು ಎತ್ತಿ ಮತ್ತೆ ಟ್ಯಾಂಕಿಗೆ ಸುರಿಯುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಟ್ಯಾಂಕಿನ ಎಣ್ಣೆ ಪಂಪಿನ ಸಂದಿನಿಂದ ನಿಧಾನವಾಗಿ ಜಿನುಗಿ ಕ್ರ್ಯಾಂಕ್‌ಕೇಸಿನಲ್ಲೇ ಇರುವ ಫ್ಲೈವೀಲಿನ ಕೋಣೆಗೆ ಇಳಿಯುತ್ತದೆ. ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟರೆ ರಿಟರ್ನ್ ಪಂಪ್ ಅದನ್ನೆಲ್ಲ ಎಳೆದು ವಾಪಸು ಟ್ಯಾಂಕಿಗೆ ಹಾಕುತ್ತದೆ. ಈ ಸಲವೂ ಹಾಗೇ ಆಗಿರಬಹುದೆಂದು ತಿಳಿದು, ಎಣ್ಣೆ ಮೇಲೆ ಸುರಿಯದೆ ಕಿಕ್ಕರ್ ಮೇಲೆ ಕಾಲಿಟ್ಟೆ.

ಕಿಕ್ಕರ್ ಅರ್ಧಕ್ಕೆ ಇಳಿದು ನಿಂತಿತು. ಬುಲೆಟ್‌ನ ಕಂಪ್ರೆಶನ್ ಕಾಲಿಗೆ ಪರಿಚಿತವಾದದ್ದು: ಅದು ತಡೆಯುತ್ತದೆ, ಆದರೆ ಭಾರ ಹಾಕಿ ಕಾದರೆ ಉಸಿರು ಬಿಟ್ಟ ಹಾಗೆ ಮೆಲ್ಲಗೆ ಸಡಿಲುತ್ತದೆ. ಇಲ್ಲಿ ಆ ಸಡಿಲು ಇರಲೇ ಇಲ್ಲ. ಕಾಲಡಿಗೆ ಕಲ್ಲು ಸಿಕ್ಕ ಹಾಗಿತ್ತು. ಅಲ್ಲಿಗೇ ಕಾಲು ತೆಗೆದೆ. ಪೇಟೆಯಲ್ಲಿ ಮೂವತ್ತು ವರ್ಷದಿಂದ ಬುಲೆಟ್ ಕೆಲಸ ಮಾಡುತ್ತಿರುವ ಮೆಕ್ಯಾನಿಕ್‌ರಿಗೆ ಫೋನ್ ಮಾಡಿ ವಿಷಯ ಹೇಳಿದಾಗ ಅವರು ಪೂರ್ತಿ ಕೇಳುವ ಮೊದಲೇ, “ಕಿಕ್ ಹೊಡಿಬೇಡಿ ಮಾರಾಯ್ರೆ, ತಳ್ಳಿ ಸ್ಟಾರ್ಟ್ ಮಾಡೋಕ್ಕಂತೂ ಹೋಗಲೇಬೇಡಿ, ಮೊದಲು ಪ್ಲಗ್ ಬಿಚ್ಚಿ” ಎಂದರು.

ಅವರ ಆತಂಕದ ಹಿಂದೆ ಸರಳವಾದ ಲೆಕ್ಕವಿದೆ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ., ಒಟ್ಟು 346 ಸಿ.ಸಿ.; ಕಂಪ್ರೆಶನ್ ಅನುಪಾತ 6.5. ಪಿಸ್ಟನ್ ತೀರ ಮೇಲೆ ಬಂದಾಗ ತಲೆಯಲ್ಲಿ ಉಳಿಯುವ ಜಾಗ ಸುಮಾರು 63 ಸಿ.ಸಿ. ಮಾತ್ರ. ಅದಕ್ಕಿಂತ ಹೆಚ್ಚು ದ್ರವ ಸಿಲಿಂಡರಿನಲ್ಲಿದ್ದು ಎರಡೂ ವಾಲ್ವ್‌ಗಳು ಮುಚ್ಚಿಕೊಂಡರೆ ಪಿಸ್ಟನ್‌ಗೆ ಮೇಲೆ ಹೋಗಲು ದಾರಿಯೇ ಇಲ್ಲ, ಏಕೆಂದರೆ ಗಾಳಿಯನ್ನು ಒತ್ತಬಹುದೇ ಹೊರತು ಪೆಟ್ರೋಲನ್ನು ಒತ್ತಲಾಗದು. ಇಳಿಜಾರಿನಲ್ಲಿ ಗಾಡಿ ಬಿಟ್ಟು ಗೇರ್ ಹಾಕಿದರೆ ಹಿಂದಿನ ಚಕ್ರದ ಪೂರ್ತಿ ಬಲ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮೇಲೆ ಬಿದ್ದು ಅದು ಬಾಗುತ್ತದೆ. ಕಾಲಿನ ಬಲಕ್ಕೆ ಅಷ್ಟು ಆಗದಿದ್ದರೂ, ಒಂದೂವರೆ ಚಹಾ ಲೋಟದಷ್ಟೂ ಇಲ್ಲದ ಪೆಟ್ರೋಲ್ ಇಡೀ ಎಂಜಿನ್ನನ್ನು ಕೆಡಿಸಬಲ್ಲದು ಎಂಬುದು ಸತ್ಯ.

ಮೊದಲ ದಿನ ಮಾಡಿದ ಕೆಲಸದಲ್ಲಿ ಹೆಚ್ಚಿನದು ಎಚ್ಚರಿಕೆಯದ್ದು. ಬಚ್ಚಲ ಒಲೆಯಲ್ಲಿ ಹಂಡೆಗೆ ಬೆಂಕಿ ಹಾಕಿತ್ತು. ಅದನ್ನು ಆರಿಸಿ ಬೂದಿಗೆ ನೀರು ಹೊಯ್ದ ಮೇಲೆಯೇ ಗಾಡಿಯನ್ನು ಅಂಗಳಕ್ಕೆ ತಂದೆ. ಬ್ಯಾಟರಿಯ ತಂತಿ ಬಿಚ್ಚಿದೆ. ಬ್ರೇಕರ್ ಪಾಯಿಂಟ್ ಇರುವ ಗಾಡಿಯಲ್ಲಿ ಕೀ ಆನ್ ಆಗಿದ್ದು ಎಂಜಿನ್ ತಿರುಗಿದರೆ ಪ್ಲಗ್ ತುದಿಯಲ್ಲಿ ಕಿಡಿ ಹಾರುವುದು ಖಂಡಿತ, ಆ ಪ್ಲಗ್ ಹೊರಗೆ ನೇತಾಡುತ್ತಿದ್ದು ಅದರ ಪಕ್ಕದ ರಂಧ್ರದಿಂದ ಪೆಟ್ರೋಲ್ ಆವಿ ಬರುತ್ತಿದ್ದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಪ್ಲಗ್ ಬಿಚ್ಚಿ, ಸಿರಿಂಜಿಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ ಸಿಲಿಂಡರಿನಿಂದ ಎಳೆದಾಗ 70 ಮಿ.ಲೀ. ಪೆಟ್ರೋಲ್ ಬಂತು. ನಿಂತಾಗ ಎಂಜಿನ್ ಇನ್‌ಲೆಟ್ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿತ್ತೆಂದೂ, ಕಿಕ್ಕರಿನ ಮೊದಲ ಅರ್ಧ ಅದನ್ನು ದಾಟಿಸಿ ಕಂಪ್ರೆಶನ್‌ಗೆ ತಂದು ನಿಲ್ಲಿಸಿತೆಂದೂ ಇದರಿಂದ ಊಹಿಸಿದೆ.

ಇನ್ನು ಎಣ್ಣೆ. ಎಂಜಿನ್ನನ್ನು ಒಂದು ಸುತ್ತೂ ತಿರುಗಿಸದೆ ಕೆಳಗಿನ ಎರಡೂ ಡ್ರೇನ್ ಪ್ಲಗ್‌ಗಳನ್ನು ಬಿಚ್ಚಿ, ಎಣ್ಣೆ ಟ್ಯಾಂಕಿನದ್ದನ್ನು ಒಂದು ಪಾತ್ರೆಗೂ ಕ್ರ್ಯಾಂಕ್‌ಕೇಸಿನದ್ದನ್ನು ಇನ್ನೊಂದು ಪಾತ್ರೆಗೂ ಬೇರೆ ಬೇರೆಯಾಗಿ ಇಳಿಸಿದೆ. ಹೀಗೆ ಬೇರೆ ಮಾಡಿದ್ದರಿಂದಲೇ ಮುಂದಿನದೆಲ್ಲ ಸ್ಪಷ್ಟವಾಯಿತು. ಜೂನ್‌ನಲ್ಲಿ ಎಣ್ಣೆ ಬದಲಿಸಿದಾಗ 2.2 ಲೀಟರ್ 20ಡಬ್ಲ್ಯೂ50 ಗ್ರೇಡಿನ ಎಣ್ಣೆ ಹಾಕಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಈಗ ಟ್ಯಾಂಕಿನಿಂದ 1.65 ಲೀಟರ್ ಬಂತು, ಕ್ರ್ಯಾಂಕ್‌ಕೇಸಿನಿಂದ 1.05 ಲೀಟರ್, ಒಟ್ಟು 2.7. ಹಾಕಿದ್ದಕ್ಕಿಂತ ತೆಗೆದದ್ದು ಅರ್ಧ ಲೀಟರ್ ಜಾಸ್ತಿ. ಟ್ಯಾಂಕಿನಿಂದ ಕೆಳಗಿಳಿದಿದ್ದ ಎಣ್ಣೆ ಸುಮಾರು 0.55 ಲೀಟರ್ ಎಂದಿಟ್ಟುಕೊಂಡರೆ, ಕ್ರ್ಯಾಂಕ್‌ಕೇಸಿನಲ್ಲಿದ್ದ ದ್ರವದ ಹತ್ತಿರ ಹತ್ತಿರ ಅರ್ಧ ಭಾಗ ಪೆಟ್ರೋಲ್. ಡಿಪ್‌ಸ್ಟಿಕ್ ಅಳೆಯುವುದು ಟ್ಯಾಂಕನ್ನು ಮಾತ್ರ. ಪೆಟ್ರೋಲ್ ಇದ್ದದ್ದು ಅದು ಮುಟ್ಟದ ಜಾಗದಲ್ಲಿ. ಆದ್ದರಿಂದಲೇ ಎಣ್ಣೆಗೆ ಪೆಟ್ರೋಲ್ ಸೇರಿದರೆ ಮಟ್ಟ ಏರುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ, ಎಣ್ಣೆ ಎಂಜಿನ್ನಿನ ತಳದಲ್ಲೇ ನಿಲ್ಲುವ ವೆಟ್ ಸಂಪ್ ಗಾಡಿಗಳಿಗೆ ಸರಿಯಾದರೂ, ನಿಂತ ಬುಲೆಟ್‌ಗೆ ಹೊಂದುವುದಿಲ್ಲ. ಇಲ್ಲಿ ಮಟ್ಟ ಇಳಿದೇ ಇತ್ತು. ಗಾಡಿ ಸ್ಟಾರ್ಟ್ ಆಗಿದ್ದರೆ ಮಾತ್ರ ರಿಟರ್ನ್ ಪಂಪ್ ಈ ಮಿಶ್ರಣವನ್ನು ಟ್ಯಾಂಕಿಗೆ ಎತ್ತಿಹಾಕಿ, ಒಳ್ಳೆಯದಿದ್ದ ಎಣ್ಣೆಯನ್ನೂ ಕೆಡಿಸಿ, ಮಟ್ಟವನ್ನು ಮೇಲಿನ ಗೆರೆ ದಾಟಿಸುತ್ತಿತ್ತು.

ವಾಸನೆಯಿಂದ ತಿಳಿದದ್ದನ್ನು ಅಳೆದೂ ನೋಡಬೇಕೆನಿಸಿತು. ಸೂಜಿ ತೆಗೆದ 50 ಮಿ.ಲೀ. ಸಿರಿಂಜನ್ನು ನೇರವಾಗಿ ಕಟ್ಟಿ, ಪಿಸ್ಟನ್ ತೆಗೆದು, ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಸೆಕೆಂಡು ಎಂದು ಫೋನಿನ ಗಡಿಯಾರದಲ್ಲಿ ನೋಡುವುದಷ್ಟೇ ಇದರ ವಿಧಾನ. ಎಣ್ಣೆಯ ಮಂದತನ ಉಷ್ಣತೆಯ ಜೊತೆ ಬಹಳ ಬದಲಾಗುವುದರಿಂದ ಮೂರೂ ಬಾಟಲಿಗಳನ್ನು ಒಂದು ರಾತ್ರಿ ಒಂದೇ ಕಡೆ ಇಟ್ಟು ಬೆಳಿಗ್ಗೆ ಅಳೆದೆ. ಹೊಸ ಎಣ್ಣೆ 42 ಸೆಕೆಂಡು ತೆಗೆದುಕೊಂಡಿತು. ಟ್ಯಾಂಕಿನಿಂದ ಇಳಿಸಿದ್ದು 40. ಕ್ರ್ಯಾಂಕ್‌ಕೇಸಿನದ್ದು ಎರಡು ಸೆಕೆಂಡೂ ನಿಲ್ಲದೆ ಸೀಮೆಎಣ್ಣೆಯ ಹಾಗೆ ಸುರಿದುಹೋಯಿತು.

ಇದು ಬುಲೆಟ್‌ಗೆ ಯಾಕೆ ಮುಖ್ಯವೆಂದರೆ, ಈ ಹಳೆಯ ಎಂಜಿನ್ನಿನ ಬಿಗ್ ಎಂಡ್‌ನಲ್ಲಿ, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವ ತುದಿಯಲ್ಲಿ, ಇರುವುದು ರೋಲರ್ ಬೇರಿಂಗ್ ಅಲ್ಲ, ಫ್ಲೋಟಿಂಗ್ ಬುಷ್. ಕ್ರ್ಯಾಂಕ್ ಪಿನ್ನಿಗೂ ರಾಡಿಗೂ ನಡುವೆ ಸ್ವತಂತ್ರವಾಗಿ ತಿರುಗುವ ಆ ಬಳೆಯ ಒಳಗೂ ಹೊರಗೂ ಎಣ್ಣೆಯ ತೆಳು ಪದರವೇ ಆಧಾರ. 50 ಗ್ರೇಡಿನ ಎಣ್ಣೆ 100 ಡಿಗ್ರಿಯಲ್ಲೂ ಕನಿಷ್ಠ 16.3 ಸೆಂಟಿಸ್ಟೋಕ್ಸ್ (ಮಂದತನದ ಅಳತೆ) ಮಂದವಾಗಿರಬೇಕೆಂಬುದು ಎಣ್ಣೆಯ ಗ್ರೇಡು ಗೊತ್ತುಮಾಡುವ ಎಸ್‌ಎಇ ಸಂಸ್ಥೆಯ ನಿಯಮ. 30 ಗ್ರೇಡಿಗೆ ಅದು 9.3. ಪೆಟ್ರೋಲ್ ಸ್ವಲ್ಪವೇ ಸೇರಿದರೂ 50ರ ಡಬ್ಬಿಯಿಂದ ಸುರಿದ ಎಣ್ಣೆ 30ರಂತೆ, ಇನ್ನೂ ಸೇರಿದರೆ ಅದಕ್ಕಿಂತ ತೆಳ್ಳಗೆ ವರ್ತಿಸತೊಡಗುತ್ತದೆ, ಬುಷ್ ಮೇಲಿನ ಪದರ ಹರಿಯುತ್ತದೆ. ನನ್ನ ಗೆಳೆಯನೊಬ್ಬನ ಗಾಡಿಯಲ್ಲಿ ಇದೇ ಆಗಿತ್ತು. ಎಣ್ಣೆಯಲ್ಲಿ ಪೆಟ್ರೋಲ್ ವಾಸನೆ ಬರುತ್ತದೆಂದು ಗೊತ್ತಿದ್ದೂ, ಓಡಿಸಿದರೆ ಬಿಸಿಗೆ ಆವಿಯಾಗಿ ಹೋಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಆತ ಘಾಟಿ ಹತ್ತಿಸಿದ. ಮೇಲೆ ತಲುಪುವ ಮೊದಲೇ ಎಂಜಿನ್ನಿನ ತಳದಿಂದ ಸುತ್ತಿಗೆ ಬಡಿದಂಥ ಸದ್ದು ಶುರುವಾಗಿ, ಕ್ರ್ಯಾಂಕ್ ಬಿಚ್ಚಿದಾಗ ಬುಷ್ ಕರಗಿ ಪಿನ್ನಿಗೆ ಹತ್ತಿಕೊಂಡಿತ್ತು. ಪೆಟ್ರೋಲಿನ ಹಗುರ ಅಂಶಗಳು ಬಿಸಿಗೆ ಆವಿಯಾಗುವುದು ನಿಜ. ಆದರೆ ಭಾರವಾದ ಅಂಶಗಳು 150 ಡಿಗ್ರಿ ದಾಟಿದ ಮೇಲೆಯೇ ಕುದಿಯುವಂಥವು, ಅವು ಎಣ್ಣೆಯಲ್ಲೇ ಉಳಿಯುತ್ತವೆ. ಹಗುರವಾದವು ಹೋಗುವಷ್ಟು ಹೊತ್ತು ಎಂಜಿನ್ ಓಡುವುದೂ ತೆಳುವಾದ ಎಣ್ಣೆಯಲ್ಲೇ ತಾನೆ?

ಎಣ್ಣೆ ಬದಲಿಸಿ ಕೈ ತೊಳೆದುಕೊಂಡರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಸ್ಥಿತಿ. ಪೆಟ್ರೋಲ್ ಇಳಿಯಲು ಮೂರು ಬಾಗಿಲು ದಾಟಬೇಕು: ಪೆಟ್ರೋಲ್ ಟ್ಯಾಂಕಿನ ಕಾಕ್, ಕಾರ್ಬ್ಯುರೇಟರಿನ ಫ್ಲೋಟ್ ನೀಡಲ್ (ಒಳಗೆ ಪೆಟ್ರೋಲ್ ತುಂಬಿ ಫ್ಲೋಟ್ ತೇಲಿದಾಗ ದಾರಿ ಮುಚ್ಚುವ ಸೂಜಿ), ಕೊನೆಗೆ ಓವರ್‌ಫ್ಲೋ ನಳಿಗೆ. ಮೊದಲ ಎರಡು ಪೆಟ್ರೋಲನ್ನು ತಡೆಯಬೇಕಾದವು. ಮೂರನೆಯದು ತಡೆ ಮೀರಿ ಬಂದದ್ದನ್ನು ನೆಲಕ್ಕೆ ಬಿಡಬೇಕಾದದ್ದು. ಮೂರೂ ಕೈಕೊಟ್ಟಿರಬೇಕೆಂಬುದು ಸ್ಪಷ್ಟವಿತ್ತು, ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಕಾಕ್‌ನಿಂದ ಶುರುಮಾಡಿದೆ. ಅದನ್ನು ಮುಚ್ಚಿದ ಸ್ಥಿತಿಯಲ್ಲೇ ಇಟ್ಟು, ಪೈಪನ್ನು ಕಾರ್ಬ್ಯುರೇಟರಿನಿಂದ ಕಳಚಿ, ಬಾಟಲಿಯೊಳಗೆ ಬಿಟ್ಟು, ಆವಿಯಾಗದಂತೆ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಹತ್ತು ನಿಮಿಷ ನೋಡಿದರೂ ಮೂರು ಹನಿಗಿಂತ ಹೆಚ್ಚು ಬೀಳಲಿಲ್ಲ. ಅಷ್ಟೇ ನೋಡಿದ್ದರೆ ಕಾಕ್ ಬಹುಪಾಲು ಸರಿಯಿದೆ ಎಂದೇ ಬಿಡುತ್ತಿದ್ದೆ. ಆದರೆ 24 ಗಂಟೆ ಬಿಟ್ಟು ಅಳೆದಾಗ 8 ಮಿ.ಲೀ. ಕೂಡಿತ್ತು. ಜೂನ್ 20ರಿಂದ ಸೆಪ್ಟೆಂಬರ್ 5ಕ್ಕೆ 77 ದಿನ. ದಿನಕ್ಕೆ 8ರಂತೆ 616 ಮಿ.ಲೀ. ಸಿಲಿಂಡರಿನಲ್ಲಿ ಸಿಕ್ಕಿದ 70 ಮತ್ತು ತಳದಲ್ಲಿ ಸಿಕ್ಕಿದ ಸುಮಾರು 500 ಸೇರಿಸಿದರೆ 570. ಉಳಿದದ್ದು ಆವಿಯಾಗಿ ಶೆಡ್ಡಿನ ತುಂಬ ಹರಡಿದ ವಾಸನೆ. ಲೆಕ್ಕ ಇಷ್ಟು ಹತ್ತಿರ ಬಂದದ್ದನ್ನು ಕಂಡು ನನಗೆ ನಿಜಕ್ಕೂ ಸಮಾಧಾನವಾಯಿತು, ಏಕೆಂದರೆ ಬೇರೆ ದಾರಿ ಹುಡುಕುವ ಅಗತ್ಯ ಉಳಿಯಲಿಲ್ಲ.

ಕಾಕ್ ಬಿಚ್ಚಿದಾಗ ಲಿವರಿನ ಹಿಂದಿನ ರಬ್ಬರ್ ವಾಷರ್ ಉಬ್ಬಿ, ರಂಧ್ರಗಳ ಅಂಚಿನಲ್ಲಿ ಅಂಟಂಟಾಗಿ ಮೆತ್ತಗಾಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಶೇಕಡ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಚಾಲನೆ ಸಿಕ್ಕಿತು, ಈಗ ನಮ್ಮ ಕಡೆಯ ಬಂಕುಗಳಲ್ಲೂ ಅದೇ ಬರುತ್ತಿದೆ. ನಲವತ್ತು ವರ್ಷದ ಹಿಂದಿನ ಗಾಡಿಯ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಜೊತೆಗೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟರೆ ಎಳೆದುಕೊಳ್ಳಲು ತೇವಕ್ಕೇನೂ ಬರವಿಲ್ಲ. ಟ್ಯಾಂಕಿನ ತಳದ ಕೊನೆಯ ಅರ್ಧ ಲೀಟರನ್ನು ಗಾಜಿನ ಬಾಟಲಿಗೆ ಇಳಿಸಿ ನಿಲ್ಲಿಸಿದಾಗ, ಅಡಿಯಲ್ಲಿ ಒಂದು ಬೆರಳು ದಪ್ಪ ಬೇರೆಯೇ ಪದರ ನಿಂತಿತು: ನೀರು ಕುಡಿದ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗೆ ಕೂತದ್ದು. ಆ ಪದರದ ತಳದಲ್ಲಿ ಕಂದು ಬಣ್ಣದ ತುಕ್ಕಿನ ಪುಡಿಯಿತ್ತು.

ಆ ತುಕ್ಕೇ ಎರಡನೆಯ ಬಾಗಿಲನ್ನು ಕೆಡಿಸಿತ್ತು. ಈಗ ಗಾಡಿಯಲ್ಲಿ ಕೂತಿರುವುದು ಮಿಕ್‌ಕಾರ್ಬ್ ವಿಎಂ 24 ಕಾರ್ಬ್ಯುರೇಟರ್. ಅದರಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಬಿಚ್ಚಿ ನೀಡಲ್ ಹೊರತೆಗೆದು ಮಗಳ ಶಾಲೆಯ ಭೂತಗನ್ನಡಿಯಲ್ಲಿ ನೋಡಿದೆ. ಮೊನೆಯ ಶಂಕುವಿನ ಸುತ್ತ, ಸೀಟ್ ಕೂರುವ ಜಾಗದಲ್ಲಿ, ಬಳೆಯ ಹಾಗೆ ಒಂದು ಸವಕಲು ಗೆರೆ. ಆ ಗೆರೆಯೊಳಗೆ ಸಾಸಿವೆಯ ಕಾಲುಭಾಗದಷ್ಟಿರುವ ತುಕ್ಕಿನ ಚೂರೊಂದು ಸಿಕ್ಕಿಕೊಂಡಿತ್ತು. ಬೌಲ್ ತುಂಬಿ ಫ್ಲೋಟ್ ಎಷ್ಟೇ ಮೇಲೆ ಒತ್ತಿದರೂ ನೀಡಲ್ ಪೂರ್ತಿ ಕೂರದಂತೆ ಅದು ತಡೆದಿತ್ತು. ಓಡುವಾಗ ಎಂಜಿನ್ ಕುಡಿಯುವ ಪೆಟ್ರೋಲಿನ ಮುಂದೆ ಈ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ ಜೂನ್‌ನಲ್ಲಿ ಗಾಡಿ ಓಡಿಸಿದಾಗ ಏನೂ ಗೊತ್ತಾಗಿರಲಿಲ್ಲ.

ಇಷ್ಟಾದರೂ ಪೆಟ್ರೋಲ್ ಓವರ್‌ಫ್ಲೋ ನಳಿಗೆಯಿಂದ ನೆಲಕ್ಕೆ ತೊಟ್ಟಿಕ್ಕಬೇಕಿತ್ತು. ನಳಿಗೆಯನ್ನು ಬಾಯಿಗಿಟ್ಟು ಊದಿದರೆ ಗಾಳಿಯೇ ಹೋಗಲಿಲ್ಲ. ಹಳೆಯ ಕ್ಲಚ್ ಕೇಬಲ್ಲಿನ ಒಂದು ಎಳೆ ಬಿಡಿಸಿ ಕೆಳಗಿನ ಬಾಯಿಂದ ತೂರಿಸಿದಾಗ ಎರಡು ಅಂಗುಲ ಒಳಗೆ ಗಟ್ಟಿ ತಾಗಿತು. ನಳಿಗೆಯನ್ನು ಉದ್ದಕ್ಕೆ ಸೀಳಿದೆ. ಒಳಗೆ ಕೆಮ್ಮಣ್ಣಿನ ಬಿರಡೆ, ಅದರ ಹಿಂದೆ ಒಣಗಿ ಸುರುಟಿಕೊಂಡ ನಾಲ್ಕೈದು ಸಣ್ಣ ಹಸಿರು ಹುಳುಗಳು, ಅವುಗಳ ಹಿಂದೆ ಮತ್ತೊಂದು ಮಣ್ಣಿನ ಗೋಡೆ. ನಮ್ಮಲ್ಲಿ ಕುಂಬಾರ ಹುಳ ಎನ್ನುವ ಕಣಜದ ಕೆಲಸವಿದು. ಮೊಟ್ಟೆಯಿಟ್ಟು, ಮರಿಗೆ ಆಹಾರವಾಗಲೆಂದು ಹುಳುಗಳನ್ನು ಕುಟುಕಿ ತಂದು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಹೋಗುತ್ತದೆ. ಬೀಗದ ಕೈ ತೂತು, ಬಾಗಿಲ ಸಂದು, ಕೊಳವೆ, ಪೆನ್ನಿನ ಮುಚ್ಚಳ ಯಾವುದನ್ನೂ ಬಿಡುವುದಿಲ್ಲ. ದಾರಿ ಕಟ್ಟಿದ ಮೇಲೆ ಬೌಲಿನಲ್ಲಿ ಏರಿದ ಪೆಟ್ರೋಲಿಗೆ ಉಳಿದದ್ದು ಕಾರ್ಬ್ಯುರೇಟರಿನ ಗಂಟಲು ಮಾತ್ರ. ಮೇನ್ ಸ್ಟ್ಯಾಂಡಿನಲ್ಲಿ ಹಿಂದಿನ ಚಕ್ರ ಎತ್ತರಕ್ಕೆ ನಿಲ್ಲುವುದರಿಂದ ಇಡೀ ಎಂಜಿನ್ ತುಸು ಮುಂದಕ್ಕೆ ಬಾಗಿ, ಗಂಟಲಿನ ಇಳಿಜಾರು ಇನ್‌ಲೆಟ್ ಕಡೆಗೇ ಇತ್ತು. ಅಲ್ಲಿ ವಾಲ್ವ್ ತೆರೆದಿತ್ತು. ಸಿಲಿಂಡರಿಗೆ ಬಂದ ಪೆಟ್ರೋಲ್ ಪಿಸ್ಟನ್ ರಿಂಗುಗಳ ಬಾಯಿ ಸಂದಿನಿಂದ ದಿನಕ್ಕಿಷ್ಟು ಎಂದು ಕೆಳಗಿಳಿದಿತ್ತು. ಅಂಗೈಯ ಮೇಲಿಟ್ಟುಕೊಂಡ ಆ ಮಣ್ಣಿನ ಬಿರಡೆ ಒಂದು ಉದ್ದಿನ ಕಾಳಿಗಿಂತ ದೊಡ್ಡದಿರಲಿಲ್ಲ.

ದುರಸ್ತಿಯ ಭಾಗವನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಕಾರಣ ಸಿಕ್ಕಿದ ಮೇಲೆ ಅದು ಬರೀ ಕೈಕೆಲಸ. ಟ್ಯಾಂಕಿಗೆ ಬಿಸಿನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪು ತುಂಬಿ ಎರಡು ದಿನ ಬಿಟ್ಟು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿದೆ. ಕಾಕ್‌ಗೆ ಎಥನಾಲ್ ತಾಳುವ ವೈಟಾನ್ ವಾಷರ್ ಹಾಕಿದೆ. ನೀಡಲ್ ಮತ್ತು ಸೀಟನ್ನು ಜೋಡಿಯಾಗಿಯೇ ಬದಲಿಸಿದೆ. ಹಳೆಯ ಸೀಟಿಗೆ ಹೊಸ ನೀಡಲ್ ಮಾತ್ರ ಹಾಕಿದರೆ ಸವೆದ ಸೀಟ್ ಹೊಸದನ್ನೂ ಬೇಗ ಸವೆಸುತ್ತದೆ. ಕಾರ್ಬ್ಯುರೇಟರನ್ನು ತಲೆಕೆಳಗು ಮಾಡಿ ಹಿಡಿದು ಫ್ಲೋಟ್ ಆರ್ಮ್ ಬಾಡಿಯ ಅಂಚಿಗೆ ಸಮಾನಾಂತರವಾಗಿ ಬರುವಂತೆ ನಾಲಿಗೆಯನ್ನು ಕೂದಲಷ್ಟು ಬಗ್ಗಿಸಿದೆ. ಅದೇ ಭಂಗಿಯಲ್ಲಿ ಪೆಟ್ರೋಲ್ ಪೈಪಿನಿಂದ ಊದಿದಾಗ ಗಾಳಿ ದಾಟಲಿಲ್ಲ. ಕಾಕ್‌ಗೂ ಕಾರ್ಬ್ಯುರೇಟರಿಗೂ ನಡುವೆ ಒಂದು ಸಣ್ಣ ಪಾರದರ್ಶಕ ಫಿಲ್ಟರ್ ಸೇರಿಸಿದೆ. ಹೊಸ ಓವರ್‌ಫ್ಲೋ ನಳಿಗೆಯ ಬಾಯಿಗೆ ಸೊಳ್ಳೆಪರದೆಯ ಜಾಲರಿಯ ಚೂರು ಇಟ್ಟು ತಾಮ್ರದ ತಂತಿ ಸುತ್ತಿದೆ.

ಎಂಜಿನ್ ಒಳಗಿನ ಕೆಲಸಕ್ಕೆ ಮಾತ್ರ ಹೆಚ್ಚು ಸಮಯ ಕೊಟ್ಟೆ. ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನೆಲ್ಲ ತೊಳೆದುಹಾಕಿರುತ್ತದೆ. ಒಣ ಎರಕದ ಗೋಡೆಯ ಮೇಲೆ ರಿಂಗುಗಳನ್ನು ಎಳೆದರೆ ಗೀರು ಬೀಳುತ್ತದೆ. ಆದ್ದರಿಂದ ಪ್ಲಗ್ ರಂಧ್ರದಿಂದ ಎರಡು ಚಮಚ ಎಣ್ಣೆ ಬಿಟ್ಟು, ಸಿಲಿಂಡರಿನ ಒತ್ತಡ ಬಿಡುವ ಡೀಕಂಪ್ರೆಸರ್ ಹಿಡಿದು, ಕಿಕ್ಕರನ್ನು ಕೈಯಿಂದಲೇ ನಿಧಾನವಾಗಿ ಹತ್ತಾರು ಸಲ ಒತ್ತಿದೆ. ಪ್ಲಗ್ ರಂಧ್ರದಿಂದ ಅಡಿಕೆ ಮರದ ಸೀಳಿನಂಥ ತೆಳ್ಳನೆಯ ಕಡ್ಡಿ ಬಿಟ್ಟು ಪಿಸ್ಟನ್ ತಲೆಯ ಮೇಲಿಟ್ಟು, ಫ್ಲೈವೀಲನ್ನು ಹಿಂದೆ ಮುಂದೆ ಅಲುಗಿಸಿ, ಪಿಸ್ಟನ್ ಮೇಲಿಂದ ಕೆಳಕ್ಕೆ ಮರಳುವ ಜಾಗದಲ್ಲಿ ಬಿಗ್ ಎಂಡ್ ಆಟವಿದೆಯೇ ಎಂದು ಬೆರಳಿನಲ್ಲಿ ಕೇಳಿದೆ. ಟಕ್ ಎಂಬ ಸದ್ದು ಬರಲಿಲ್ಲ. ಟೈಮಿಂಗ್ ಕವರಿನ ಕೆಳಗಿನ ಫಿಲ್ಟರ್ ತೆಗೆದು ಬಿಡಿಸಿ ನೋಡಿದಾಗ ಲೋಹದ ಹೊಳಪು ಎಲ್ಲೂ ಕಾಣಲಿಲ್ಲ. ಎಂಜಿನ್ ಕೆಟ್ಟ ಎಣ್ಣೆಯಲ್ಲಿ ಓಡಿಯೇ ಇರಲಿಲ್ಲವಾದ್ದರಿಂದ ಅದು ನಿರೀಕ್ಷಿತವೇ. ಒಂದು ಲೀಟರ್ ಕಡಿಮೆ ಬೆಲೆಯ ಎಣ್ಣೆ ಹಾಕಿ, ಪ್ಲಗ್ ಇಲ್ಲದೆ ಐವತ್ತು ಕಿಕ್ ಹೊಡೆದು, ಎರಡೂ ಡ್ರೇನಿನಿಂದ ಇಳಿಸಿದೆ. ಬಂದದ್ದನ್ನು ಮೂಸಿದರೆ ಇನ್ನೂ ವಾಸನೆಯಿತ್ತು. ಇನ್ನೊಂದು ಲೀಟರ್ ಹಾಕಿ ಮತ್ತೆ ಅದನ್ನೇ ಮಾಡಿದ ಮೇಲೆ ವಾಸನೆ ಅಡಗಿತು.

ಹೊಸ ಫಿಲ್ಟರ್ ಕೂರಿಸುವಾಗ ಅದರ ಕೋಣೆಗೆ ಎಣ್ಣೆ ತುಂಬಿಸಿಯೇ ಮುಚ್ಚಳ ಹಾಕಬೇಕು. ಖಾಲಿ ಬಿಟ್ಟರೆ ಅದು ತುಂಬುವವರೆಗೂ ಬಿಗ್ ಎಂಡಿಗೆ ಎಣ್ಣೆ ಹೋಗುವುದಿಲ್ಲ. ತಾಜಾ 20ಡಬ್ಲ್ಯೂ50 ಹಾಕಿ, ಪ್ಲಗ್ ಇಲ್ಲದೆ ಮತ್ತಷ್ಟು ಕಿಕ್ ಹೊಡೆದು, ಸಿಲಿಂಡರ್ ತಲೆಗೆ ಹೋಗುವ ರಾಕರ್ ಪೈಪಿನ ಬ್ಯಾಂಜೊ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಕಾದೆ. ತಾಮ್ರದ ವಾಷರಿನ ಅಂಚಿನಲ್ಲಿ ಜೇನಿನ ಬಣ್ಣದ ಎಣ್ಣೆ ಮಣಿಯಾಗಿ ಮೂಡಿ, ತುಂಬಿಕೊಂಡು, ಸಿಲಿಂಡರಿನ ರೆಕ್ಕೆಗಳ ಮೇಲೆ ಇಳಿಯಿತು. ಅದನ್ನು ಕಣ್ಣಾರೆ ಕಾಣುವವರೆಗೆ ಪ್ಲಗ್ ಹಾಕಬಾರದೆಂದು ನಿಶ್ಚಯಿಸಿದ್ದೆ.

ಸ್ಟಾರ್ಟ್ ಮಾಡುವ ಮೊದಲು ಎರಡು ರಾತ್ರಿ ಪರೀಕ್ಷೆಗೆ ಬಿಟ್ಟೆ. ಮೊದಲ ರಾತ್ರಿ ಕಾಕ್ ಮುಚ್ಚಿ ಅದರ ಪೈಪನ್ನು ಬಾಟಲಿಗೆ ಬಿಟ್ಟಿದ್ದೆ, ಬಾಟಲಿ ಒಣಗಿತ್ತು. ಎರಡನೆಯ ರಾತ್ರಿ ಕಾಕ್ ತೆರೆದೇ ಇಟ್ಟು ಓವರ್‌ಫ್ಲೋ ನಳಿಗೆಯನ್ನು ಬಾಟಲಿಗೆ ಬಿಟ್ಟೆ, ಅಂದರೆ ಹೊಸ ನೀಡಲ್ ಒಂದೇ ಇಡೀ ಟ್ಯಾಂಕನ್ನು ತಡೆಯಬೇಕು, ಅದೂ ಒಣಗಿತ್ತು. ಬೆಳಿಗ್ಗೆ ಬ್ಯಾಟರಿ ಜೋಡಿಸಿ, ಆಮ್‌ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಇಳಿಸಿ, ಡೀಕಂಪ್ರೆಸರ್ ಎಳೆದು ತುಸು ದಾಟಿಸಿ, ಮೂರನೆಯ ಕಿಕ್ಕಿಗೆ ಎಂಜಿನ್ ಎದ್ದಿತು. ಬಿಗ್ ಎಂಡ್ ಕಡೆಯಿಂದ ಯಾವ ಹೊಸ ಸದ್ದೂ ಇರಲಿಲ್ಲ. ಮೊದಲ ಒಂದು ನಿಮಿಷ ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಸಿಲಿಂಡರಿಗೆ ನಾನೇ ಹಾಕಿದ್ದ ಎಣ್ಣೆ ಉರಿದದ್ದು.

ಹಳೆಯ ಎಣ್ಣೆ-ಪೆಟ್ರೋಲ್ ಮಿಶ್ರಣದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಗೆದ್ದಲು ಹಿಡಿಯಬಾರದೆಂದು ಸುಟ್ಟ ಎಂಜಿನ್ ಎಣ್ಣೆಯನ್ನು ಬೇಲಿ ಗೂಟಕ್ಕೂ ಕೊಟ್ಟಿಗೆಯ ಕಂಬಕ್ಕೂ ಬಳಿಯುವ ರೂಢಿಯಿದೆ. ಪೆಟ್ರೋಲ್ ಬೆರೆತದ್ದನ್ನು ಹಾಗೆ ಬಳಿದರೆ ಕೊಟ್ಟಿಗೆಗೆ ಬೆಂಕಿ ಕರೆದಂತೆ. ತೋಟಕ್ಕೋ ಹಳ್ಳಕ್ಕೋ ಸುರಿಯುವುದಂತೂ ಕುಡಿಯುವ ನೀರಿಗೆ ವಿಷ ಹಾಕಿದ ಹಾಗೆ. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಅದನ್ನು ಪೇಟೆಯ ಗ್ಯಾರೇಜಿಗೆ ಕೊಟ್ಟೆ, ಅವರು ಹಳೆಯ ಎಣ್ಣೆ ಸಂಗ್ರಹಿಸುವವರಿಗೆ ಕೊಡುತ್ತಾರೆ. ಬುಲೆಟ್‌ನಲ್ಲಿ ಕ್ಲಚ್ ಕಡೆಯ ಚೈನ್ ಕೇಸಿಗೂ ಗೇರ್ ಬಾಕ್ಸಿಗೂ ಎಣ್ಣೆ ಪ್ರತ್ಯೇಕವಾಗಿರುವುದರಿಂದ ಅವೆರಡನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ.

ಅಪ್ಪ ಈ ಗಾಡಿ ಓಡಿಸುತ್ತಿದ್ದಾಗ, ಮನೆಗೆ ತಿರುಗುವ ಮಾವಿನಮರದ ಹತ್ತಿರವೇ ಕಾಕ್ ಮುಚ್ಚಿ, ಬೌಲಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಅಂಗಳಕ್ಕೆ ಬಂದು, ಅದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೂ ಕಾಯುತ್ತಿದ್ದರು. ಪೆಟ್ರೋಲ್ ಉಳಿಸಲೆಂದು ಹಾಗೆ ಮಾಡುತ್ತಾರೆಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ಈಗ ನಾನೂ ಅಲ್ಲೇ ಮುಚ್ಚುತ್ತೇನೆ. ಮಳೆಗಾಲಕ್ಕೆ ನಿಲ್ಲಿಸುವುದಾದರೆ ಟ್ಯಾಂಕನ್ನೇ ಖಾಲಿ ಮಾಡಿ, ಒಳಗೆ ಎಣ್ಣೆಯ ಕೈ ಆಡಿಸಿ, ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಶನ್ ಸ್ಥಿತಿಗೆ ಎಂಜಿನ್ ತಂದು ನಿಲ್ಲಿಸುವುದೆಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಹೊಸ ಎಣ್ಣೆಯನ್ನು 50 ಕಿ.ಮೀ. ಓಡಿಸಿ ಇಳಿಸಿ, ಒಂದು ರಾತ್ರಿ ಬಿಟ್ಟು ಸಿರಿಂಜಿನಲ್ಲಿ ಅಳೆದಾಗ 39 ಸೆಕೆಂಡು ಬಂತು. ಅಲ್ಲಲ್ಲಿ ಮೂಲೆಯಲ್ಲಿ ಉಳಿದಿದ್ದ ಪೆಟ್ರೋಲ್ ಅದರಲ್ಲಿ ಬಂದಿರಬೇಕೆಂದು ಅದನ್ನೂ ಬಿಟ್ಟು ಮತ್ತೆ ತಾಜಾ ಎಣ್ಣೆ ತುಂಬಿದೆ. ಡಿಸೆಂಬರ್‌ನಲ್ಲಿ 500 ಕಿ.ಮೀ. ಆದಾಗ ಡಿಪ್‌ಸ್ಟಿಕ್ ಮಟ್ಟ ಬಿಸಿಯಿದ್ದಾಗಲೂ ಮರುದಿನ ತಣ್ಣಗಾದಾಗಲೂ ನೋಡಿದೆ, ಏರಿಕೆಯಿಲ್ಲ. ಸಿರಿಂಜಿನಲ್ಲಿ ಹೊಸ ಎಣ್ಣೆಯ ಪಕ್ಕದಲ್ಲಿಟ್ಟು ಅಳೆದರೆ 41. ಓವರ್‌ಫ್ಲೋ ನಳಿಗೆಯ ಜಾಲರಿ ಸ್ವಚ್ಛವಾಗಿತ್ತು. ಕುಂಬಾರ ಹುಳ ಆ ಹೊತ್ತಿಗೆ ಹಾರ್ನಿನ ಹಿಂದೆ ಬೇರೊಂದು ಗೂಡು ಶುರುಮಾಡಿತ್ತು; ಅಲ್ಲಿ ಅದರಿಂದ ಏನೂ ತೊಂದರೆಯಿಲ್ಲವೆಂದು ಹಾಗೇ ಬಿಟ್ಟೆ.